ಮುದಿಮರದ ಪೊಟರೆ

ನೀಲಗಿರಿ ಮರವನ್ನು ಅರಿಯದವರು ನಮ್ಮಲ್ಲಿ ವಿರಳ. ರಸ್ತೆಯ ಬದಿಯಲ್ಲಿ, ಬಯಲುಸೀಮೆಯ ಹೊಲಗಳಲ್ಲಿ, ಸಾಲುಸಾಲಾಗಿ ನಿಂತ ನೀಲಗಿರಿ ತೋಪುಗಳನ್ನು ಎಲ್ಲರೂ ಕಂಡಿದ್ದೇವೆ. ನೆಗಡಿ ಬಂದಾಗ ಅದರ ಎಣ್ಣೆಯ ವಾಸನೆಯನ್ನು ಮೂಗಿಗೆ ಎಳೆದುಕೊಂಡಿದ್ದೇವೆ. ಹೆಸರು ನೆರೆಯ ಬೆಟ್ಟದ್ದಾದರೂ ಈ ಮರದ ತವರು ನೀಲಗಿರಿಯಲ್ಲ, ಆಸ್ಟ್ರೇಲಿಯ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬೆಟ್ಟಗಳ ಮೇಲೆ ಇದನ್ನು ಹೇರಳವಾಗಿ ನೆಟ್ಟು ಬೆಳೆಸಿದ್ದರಿಂದ ಕನ್ನಡದಲ್ಲಿ ಇದಕ್ಕೆ ಆ ಹೆಸರೇ ನಿಂತಿತು. ನಾವು ಇದನ್ನು ಬೆಳೆಸುವ ಕ್ರಮವೂ ಸರಳ: ನೆಡುವುದು, ಎಂಟು ಹತ್ತು ವರ್ಷಕ್ಕೆ ಕಡಿಯುವುದು, ಬೊಡ್ಡೆಯಿಂದ ಚಿಗುರಿದುದನ್ನು ಬೆಳೆಯಗೊಟ್ಟು ಮತ್ತೆ ಕಡಿಯುವುದು. ಹೀಗಿರುವುದರಿಂದ ನಮ್ಮ ಕಣ್ಣಿಗೆ ಬಿದ್ದಿರುವುದು ಈ ಮರದ ಬಾಲ್ಯವೇ ಹೊರತು ಮುಪ್ಪಲ್ಲ. ಮುಪ್ಪಿನ ನೀಲಗಿರಿ ಹೇಗಿರುತ್ತದೆ, ಆ ಮುಪ್ಪನ್ನು ಆಶ್ರಯಿಸಿ ಯಾವ ಜೀವ ಬದುಕುತ್ತದೆ, ಅದನ್ನು ಕಾಪಾಡುವುದಕ್ಕೆ ಒಂದು ದೇಶ ಏನು ಮಾಡಿದೆ ಎಂಬುದೇ ಈ ಭಾಷಣದ ವಿಷಯ.

ಆಸ್ಟ್ರೇಲಿಯ ಖಂಡದ ಆಗ್ನೇಯ ಮೂಲೆಯಲ್ಲಿ ವಿಕ್ಟೋರಿಯ ಎಂಬ ಪ್ರಾಂತವಿದೆ. ಅದರ ರಾಜಧಾನಿ ಮೆಲ್ಬರ್ನ್ ನಗರ. ನಗರದಿಂದ ಪೂರ್ವಕ್ಕೆ ಹೊರಟವರು ಒಂದೆರಡು ಗಂಟೆಯೊಳಗೆ ಬೆಟ್ಟಗಳ ಸಾಲನ್ನು ಸೇರುವರು. ಮೆಲ್ಬರ್ನಿನ ನಡುವೆ ಹರಿಯುವ ಯಾರಾ ನದಿ ಹುಟ್ಟುವುದು ಅಲ್ಲಿಯೇ. ಚಳಿಗಾಲದಲ್ಲಿ ಎತ್ತರದ ಶಿಖರಗಳ ಮೇಲೆ ಹಿಮ ಬೀಳುವುದು. ತಗ್ಗಿನ ಕಣಿವೆಗಳಲ್ಲಿ ಮಂಜು ಹಗಲೆಲ್ಲ ತೂಗುತ್ತಿರುವುದು. ಈ ಬೆಟ್ಟಗಳಲ್ಲಿ ೭೬,೦೦೦ ಹೆಕ್ಟೇರುಗಳಷ್ಟು, ಎಂದರೆ ನಮ್ಮ ನಾಗರಹೊಳೆಗಿಂತ ತುಸು ದೊಡ್ಡದಾದ ಪ್ರದೇಶವನ್ನು ೧೯೯೫ರಲ್ಲಿ ಯಾರಾ ರೇಂಜಸ್ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಉದ್ಯಾನವೆಂಬ ಮಾತನ್ನು ಕೇಳಿ ಹೂವಿನ ಪಾತಿಗಳನ್ನೂ ಕಾರಂಜಿಗಳನ್ನೂ ಯಾರೂ ಊಹಿಸಿಕೊಳ್ಳಬೇಕಾದುದಿಲ್ಲ. ಇದು ಅಪ್ಪಟ ಕಾಡು.

ಈ ಕಾಡಿನ ಅರಸು ನೀಲಗಿರಿಯ ಕುಲದ ಒಂದು ಜಾತಿ. ಅಲ್ಲಿಯ ಜನ ಅದನ್ನು ಮೌಂಟನ್ ಆ್ಯಷ್ ಎಂದು ಕರೆಯುವರು. ೧೮೭೧ರಲ್ಲಿ ಅದನ್ನು ವರ್ಣಿಸಿದ ಸಸ್ಯಶಾಸ್ತ್ರಜ್ಞ ಫರ್ಡಿನಾಂಡ್ ಫಾನ್ ಮ್ಯೂಲರನು ಅದಕ್ಕಿಟ್ಟ ಶಾಸ್ತ್ರೀಯ ನಾಮ ಯುಕಲಿಪ್ಟಸ್ ರೆಗ್ನಾನ್ಸ್. ರೆಗ್ನಾನ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಆಳುತ್ತಿರುವ’ ಎಂದು ಅರ್ಥ. ಹೆಸರು ಅತಿಶಯೋಕ್ತಿಯಲ್ಲ. ಹೂಬಿಡುವ ಸಸ್ಯಗಳಲ್ಲಿ ಲೋಕದಲ್ಲಿಯೇ ಅತ್ಯಂತ ಎತ್ತರವಾದುವುಗಳಲ್ಲಿ ಇದೂ ಒಂದು. ಟಾಸ್ಮೇನಿಯ ದ್ವೀಪದಲ್ಲಿ ೨೦೦೮ರಲ್ಲಿ ಅಳೆದ ಒಂದು ಮರ ಹತ್ತಿರ ಹತ್ತಿರ ೧೦೦ ಮೀಟರು ಎತ್ತರವಿತ್ತು. ಶ್ರವಣಬೆಳಗೊಳದ ಗೊಮ್ಮಟನ ತಲೆಯ ಮೇಲೆ ಗೊಮ್ಮಟನನ್ನು ನಿಲ್ಲಿಸುತ್ತ ಐದು ವಿಗ್ರಹಗಳನ್ನು ಪೇರಿಸಿದರೂ ಆ ಮರದ ತುದಿ ಇನ್ನೂ ಮೇಲೆಯೇ ಉಳಿದೀತು. ಅಂಥ ಮರಗಳು ಸೊಂಟದವರೆಗೆ ಒರಟು ತೊಗಟೆಯನ್ನುಟ್ಟು, ಅದರ ಮೇಲೆ ಬೆಳ್ಳಗೆ ನುಣುಪಾಗಿ, ಕಂಬಗಳಂತೆ ಏರಿ ನಿಂತಿರುವುವು. ಸುಲಿದ ತೊಗಟೆ ಉದ್ದುದ್ದ ಪಟ್ಟಿಗಳಾಗಿ ಕೊಂಬೆಗಳಿಂದ ಜೋಲುತ್ತಿರುವುದು. ಕೆಳಗೆ ಆಳೆತ್ತರಕ್ಕೆ ಮೀರಿದ ಜರೀಮರಗಳು ಛತ್ರಿಯಂತೆ ಹರಡಿರುವುವು. ಮೇಲಿನ ಚಪ್ಪರಕ್ಕೂ ಕೆಳಗಿನ ಜರಿಗೂ ನಡುವೆ ವಾಟಲ್ ಎಂಬ ಮರಗಳು ದಟ್ಟವಾಗಿ ಹೆಣೆದುಕೊಂಡಿರುವುವು. ನಮ್ಮ ಮಲೆನಾಡಿನ ಗುಡ್ಡಗಳಲ್ಲಿ ನೆಟ್ಟಿರುವ ಅಕೇಶಿಯ ಇದೇ ವಾಟಲ್ ಬಳಗದ್ದು.

ಈ ಕಾಡಿನಲ್ಲಿ ಹಗಲು ಅಡ್ಡಾಡಿದವರಿಗೆ ಪಕ್ಷಿಗಳ ದನಿಯೇ ಹೊರತು ಪ್ರಾಣಿಗಳ ಸುಳಿವು ಹೆಚ್ಚಾಗಿ ಸಿಕ್ಕದು. ಅಲ್ಲಿಯ ಪ್ರಾಣಿಗಳಲ್ಲಿ ಬಹುಪಾಲು ನಿಶಾಚರಗಳು. ಅವುಗಳಲ್ಲಿ ಮುಖ್ಯವಾದುವು ಚೀಲದ ಪ್ರಾಣಿಗಳು. ಕಾಂಗರೂವಿನ ವಿಷಯವನ್ನು ಎಲ್ಲರೂ ಬಲ್ಲೆವಾದುದರಿಂದ ಈ ಪಂಗಡದ ಲಕ್ಷಣವನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ಇವುಗಳ ಮರಿ ತಾಯಿಯ ಗರ್ಭದಲ್ಲಿ ಕೆಲವೇ ವಾರಗಳಿದ್ದು, ಕಣ್ಣೂ ಕಿವಿಯೂ ಮೂಡದ ಕಾಳಿನಂಥ ಸ್ಥಿತಿಯಲ್ಲಿ ಹುಟ್ಟಿ, ತಾನಾಗಿ ತೆವಳಿ ಮೊಲೆಯನ್ನು ಹಿಡಿದು ಅಲ್ಲಿಯೇ ಬೆಳೆಯುವುದು. ನಮ್ಮ ದೇಶದ ಕಾಡುಗಳಲ್ಲಿ ಈ ಪಂಗಡದ ಒಂದು ಪ್ರಾಣಿಯೂ ಇಲ್ಲ. ಆಸ್ಟ್ರೇಲಿಯದಲ್ಲಾದರೋ ನಮ್ಮಲ್ಲಿ ಅಳಿಲು, ಹಾರುವ ಅಳಿಲು, ಕಾಡುಪಾಪ ಮೊದಲಾದುವು ಮರದ ಮೇಲೆ ಮಾಡುವ ಬದುಕನ್ನೆಲ್ಲ ಚೀಲದ ಪ್ರಾಣಿಗಳೇ ಮಾಡಿಕೊಂಡು ಬಂದಿವೆ.

ಈ ವಿಧವಾದ ಮರವಾಸಿಗಳಲ್ಲಿ ಒಂದನ್ನು ವಿಶೇಷವಾಗಿ ಹೇಳಬೇಕು. ಅದರ ಹೆಸರು ಲೆಡ್‌ಬೀಟರನ ಪಾಸಮ್. ತೂಕದಲ್ಲಿ ನಮ್ಮ ಮನೆಯಂಗಳದ ಅಳಿಲಿಗೆ ಸರಿ, ಇಲ್ಲವೆ ಸ್ವಲ್ಪ ಹೆಚ್ಚು: ೧೦೦ರಿಂದ ೧೬೦ ಗ್ರಾಂ. ಮೈ ಒಂದು ಗೇಣಿಗೂ ಕಡಮೆ, ಬಾಲವೂ ಅಷ್ಟೇ ಉದ್ದ. ಬಾಲದ ತುದಿ ಬುಡಕ್ಕಿಂತ ದಪ್ಪ. ಬಣ್ಣ ಬೂದು. ನಮ್ಮ ಅಳಿಲಿನ ಬೆನ್ನ ಮೇಲೆ ಶ್ರೀರಾಮನು ಎಳೆದನೆಂದು ಹೇಳುವ ಮೂರು ಗೆರೆಗಳುಂಟಷ್ಟೆ; ಇದಕ್ಕೆ ನಡುಬೆನ್ನಿನಲ್ಲಿ ಒಂದೇ ಕಪ್ಪು ಗೆರೆ. ಕಣ್ಣುಗಳು ದೊಡ್ಡವು, ಕತ್ತಲೆಯಲ್ಲಿ ಕಾಣತಕ್ಕವು. ಇದರ ಸಮೀಪದ ಬಂಧುಗಳು ಕೈಕಾಲುಗಳ ನಡುವಣ ಚರ್ಮವನ್ನು ಹರಡಿ ಮರದಿಂದ ಮರಕ್ಕೆ ತೇಲುವುವು. ಇದಕ್ಕೆ ಆ ರೆಕ್ಕೆಯಿಲ್ಲ. ಕೊಂಬೆಯಿಂದ ಕೊಂಬೆಗೆ ಜಿಗಿದೇ ಸಾಗಬೇಕು. ಆದುದರಿಂದ ನಡುವಣ ವಾಟಲ್ ಮರಗಳ ಹೆಣಿಗೆ ಎಲ್ಲಿ ಕಡಿಯುವುದೋ ಅಲ್ಲಿಗೆ ಇದರ ಹಾದಿಯೂ ಕಡಿಯಿತು. ಆ ವಾಟಲಿನ ತೊಗಟೆಯಲ್ಲಿ ಗಾಯಮಾಡಿ ಒಸರುವ ಗೋಂದನ್ನು ಇದು ನೆಕ್ಕುವುದು; ತೊಗಟೆಯ ಸಂದಿಯ ಹುಳುಗಳನ್ನು ಹಿಡಿದು ತಿನ್ನುವುದು.

ಇದರ ಸಂಸಾರವೂ ಗಮನಿಸತಕ್ಕದ್ದು. ಒಂದು ಗುಂಪಿನಲ್ಲಿ ಹತ್ತು ಹನ್ನೆರಡರವರೆಗೆ ಪ್ರಾಣಿಗಳಿರಬಹುದು. ಮರಿಹಾಕುವ ಹಕ್ಕು ಮಾತ್ರ ಒಂದೇ ಜೋಡಿಯದು. ಯಜಮಾನಿಕೆ ಹೆಣ್ಣಿನದು. ಒಂದೆರಡು ಹೆಕ್ಟೇರಿನಷ್ಟು ಕಾಡನ್ನು ತನ್ನ ಸ್ವಂತವೆಂದು ಕಾಯುವವಳು ಆಕೆಯೇ. ಬೆಳೆದ ಹೆಣ್ಣುಮಕ್ಕಳು ಬೇಗನೆ ಮನೆಬಿಟ್ಟು ಬೇರೆಡೆ ನೆಲೆ ಹುಡುಕಬೇಕು. ಗಂಡುಮಕ್ಕಳು ಇನ್ನೂ ಕೆಲವು ಕಾಲ ತಾಯಿಯ ಆಶ್ರಯದಲ್ಲಿರಬಹುದು. ಒಂದೋ ಎರಡೋ ಮರಿಗಳು ಸುಮಾರು ಮೂರು ತಿಂಗಳು ತಾಯಿಯ ಚೀಲದಲ್ಲಿದ್ದು ಬಳಿಕ ಗೂಡಿಗೆ ಇಳಿಯುವುವು. ಮುದಿಮರದ ಪೊಟರೆಯೊಳಗೆ ನಾರುನಾರಾಗಿ ಸೀಳಿದ ತೊಗಟೆಯನ್ನು ಮೆತ್ತೆಯಂತೆ ಒಟ್ಟಿ ಮಾಡಿದ ಗೂಡು ಅದು. ಆ ಬೆಟ್ಟಗಳ ಚಳಿಯಲ್ಲಿ ಇಷ್ಟು ಸಣ್ಣ ದೇಹ ಒಂಟಿಯಾಗಿ ಶಾಖವನ್ನು ಉಳಿಸಿಕೊಳ್ಳಲಾರದು. ಕುಟುಂಬವೆಲ್ಲ ಒಂದೇ ಮೆತ್ತೆಯಲ್ಲಿ ಮೈಗೆ ಮೈ ತಾಗಿಸಿ ಹಗಲನ್ನು ಕಳೆಯುವುದು. ಒಂದೇ ಪೊಟರೆಯಿದ್ದರೂ ಸಾಲದು. ಆಗಾಗ ಒಂದು ಮರದಿಂದ ಇನ್ನೊಂದಕ್ಕೆ ವಾಸವನ್ನು ಬದಲಾಯಿಸುವುದು ಇವುಗಳ ಪದ್ಧತಿ.

ಇಲ್ಲಿಗೆ ನಾವು ಪೊಟರೆಯ ವಿಷಯಕ್ಕೆ ಬಂದೆವು. ಈ ಕಥೆಯೆಲ್ಲ ನಿಂತಿರುವುದು ಅದರ ಮೇಲೆಯೇ. ನಮ್ಮ ಕಾಡುಗಳಲ್ಲಿ ಪೊಟರೆ ಕೊರೆಯುವುದಕ್ಕೆ ಮರಕುಟಿಗನಿದ್ದಾನೆ. ಅವನು ತನಗಾಗಿ ಕೊರೆದುದನ್ನು ಬಿಟ್ಟುಹೋದ ಮೇಲೆ ಗಿಳಿ, ಮೈನಾ, ಹಾಲಕ್ಕಿ ಮೊದಲಾದುವು ಅದರಲ್ಲಿ ಬಿಡಾರಮಾಡುವುವು. ಆಸ್ಟ್ರೇಲಿಯ ಖಂಡದಲ್ಲಿ ಮರಕುಟಿಗಗಳೇ ಇಲ್ಲ. ಅಲ್ಲಿಯ ಪೊಟರೆಯನ್ನು ಯಾವ ಹಕ್ಕಿಯೂ ಮಾಡಿಕೊಡದು, ಕಾಲವೇ ಮಾಡಬೇಕು. ಗಾಳಿಗೆ ಒಂದು ಕೊಂಬೆ ಮುರಿಯಬೇಕು, ಗಾಯದೊಳಕ್ಕೆ ನೀರಿಳಿಯಬೇಕು, ಬೂಷ್ಟು ಹಿಡಿದು ಒಳಗಿನ ಕಟ್ಟಿಗೆ ಮೆತ್ತಗಾಗಬೇಕು, ಗೆದ್ದಲು ಅದನ್ನು ತಿಂದು ಟೊಳ್ಳುಮಾಡಬೇಕು. ಮರ ಎಳೆಯದಾಗಿರುವಾಗ ಗಾಯವನ್ನು ಮುಚ್ಚಿಕೊಳ್ಳುವ ಶಕ್ತಿ ಅದಕ್ಕಿರುತ್ತದೆ. ಮುಪ್ಪಿನಲ್ಲಿ ಆ ಶಕ್ತಿ ಕುಗ್ಗಿದ ಮೇಲೆಯೇ ಪೊಟರೆ ನಿಲ್ಲುವುದು. ಮೌಂಟನ್ ಆ್ಯಷ್ ಮರದಲ್ಲಿ ಪಾಸಮ್ ಸಂಸಾರ ಹೂಡುವಂಥ ಪೊಟರೆಯಾಗಬೇಕಾದರೆ ಸಾಮಾನ್ಯವಾಗಿ ೧೫೦ ವರ್ಷಗಳಾದರೂ ಬೇಕು. ಅನೇಕ ವೇಳೆ ಅದಕ್ಕೂ ಹೆಚ್ಚು. ಮರದ ಪೂರ್ಣಾಯುಸ್ಸು ೪೦೦ರಿಂದ ೫೦೦ ವರ್ಷ.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಸಮ್ಮಿನ ಚರಿತ್ರೆಯನ್ನು ನೋಡೋಣ. ೧೮೬೭ರಲ್ಲಿ ಮೆಲ್ಬರ್ನಿನ ವಸ್ತುಸಂಗ್ರಹಾಲಯದ ಅಧ್ಯಕ್ಷನಾಗಿದ್ದ ಫ್ರೆಡೆರಿಕ್ ಮೆಕಾಯ್ ಎಂಬ ವಿದ್ವಾಂಸನು ಇದನ್ನು ಮೊದಲು ವರ್ಣಿಸಿದನು. ಅದೇ ಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಗಳ ಚರ್ಮವನ್ನು ಹದಮಾಡಿ ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ಜಾನ್ ಲೆಡ್‌ಬೀಟರನ ಹೆಸರನ್ನು ಪ್ರಾಣಿಗೆ ಇಟ್ಟನು. ಮೊದಲಿಗೆ ದೊರೆತುದು ಮೆಲ್ಬರ್ನಿಗೆ ಆಗ್ನೇಯದ ಬ್ಯಾಸ್ ನದಿಯ ಸೀಮೆಯಲ್ಲಿ. ಆ ಸೀಮೆಯ ಕಾಡನ್ನು ಬೇಸಾಯಕ್ಕೂ ಹೈನಿಗೂ ಕಡಿದು ಬಯಲುಮಾಡಿದರು. ೧೯೦೯ರವರೆಗೆ ಶಾಸ್ತ್ರಜ್ಞರ ಕೈಸೇರಿದ ಮಾದರಿಗಳು ಐದೇ. ಅನಂತರ ಒಂದೂ ಸಿಕ್ಕಲಿಲ್ಲ.

ಹುಡುಕುವವರ ಆಸೆ ಹೀಗೆ ಕ್ಷೀಣವಾಗಿರುವಾಗ ೧೯೩೯ನೆಯ ಇಸವಿ ಜನವರಿ ೧೩ನೆಯ ತಾರೀಖಿನ ಶುಕ್ರವಾರ ಬಂದಿತು. ಆಸ್ಟ್ರೇಲಿಯದಲ್ಲಿ ಜನವರಿ ಕಡುಬೇಸಗೆಯೆಂಬುದನ್ನು ನೆನೆಯತಕ್ಕದ್ದು. ಅನಾವೃಷ್ಟಿಯಿಂದ ಒಣಗಿದ್ದ ವಿಕ್ಟೋರಿಯದ ಬೆಟ್ಟಗಳಲ್ಲಿ ಆ ದಿನ ಬಿರುಗಾಳಿಯೊಡನೆ ಬೆಂಕಿ ಹಬ್ಬಿತು. ಆ ಬೇಸಗೆಯ ಬೆಂಕಿಗಳಲ್ಲಿ ಸತ್ತವರು ೭೧ ಜನ. ಪ್ರಾಂತದಲ್ಲಿ ಬೆಂದ ನೆಲ ಸುಮಾರು ೨೦ ಲಕ್ಷ ಹೆಕ್ಟೇರು. ಕಾಡಿನೊಳಗಿದ್ದ ಮರ ಕೊಯ್ಯುವ ಗಿರಣಿಗಳು ಅನೇಕ ಸುಟ್ಟುಹೋದುವು. ಮೌಂಟನ್ ಆ್ಯಷ್ ಕಾಡಿನ ಬಹುಭಾಗ ನಾಶವಾಯಿತು. ಪಾಸಮ್ ಎಲ್ಲಿಯೋ ಒಂದಿಷ್ಟು ಉಳಿದಿದ್ದರೂ ಈಗ ಮುಗಿದೇಹೋಯಿತೆಂದು ಎಲ್ಲರೂ ಭಾವಿಸಿದರು.

ಇಪ್ಪತ್ತೆರಡು ವರ್ಷಗಳು ಕಳೆದುವು. ೧೯೬೧ರ ಏಪ್ರಿಲ್ ತಿಂಗಳಲ್ಲಿ ಮೇರಿಸ್‌ವಿಲ್ ಎಂಬ ಬೆಟ್ಟದೂರಿನ ಸಮೀಪದ ಕಾಡಿನಲ್ಲಿ ಪ್ರಾಣಿಗಳನ್ನು ಅರಸುತ್ತಿದ್ದ ಎರಿಕ್ ವಿಲ್ಕಿನ್ಸನ್ ಎಂಬವರ ಕಣ್ಣಿಗೆ ಒಂದು ಸಣ್ಣ ಬೂದುಬಣ್ಣದ ಪ್ರಾಣಿ ಬಿತ್ತು. ಅದು ಲೆಡ್‌ಬೀಟರನ ಪಾಸಮ್ಮೇ. ಅರ್ಧ ಶತಮಾನ ಕಾಣೆಯಾಗಿದ್ದ ಪ್ರಾಣಿ ಹೀಗೆ ಮರಳಿ ದೊರೆಯಿತು. ಮುಂದೆ ಹುಡುಕಿದಂತೆ ಆ ಬೆಟ್ಟಗಳಲ್ಲಿ ಅಲ್ಲಲ್ಲಿ ಇನ್ನೂ ಕಂಡವು. ೧೯೭೧ರಲ್ಲಿ ವಿಕ್ಟೋರಿಯ ಪ್ರಾಂತವು ಇದನ್ನು ತನ್ನ ಲಾಂಛನ ಪ್ರಾಣಿಯಾಗಿ ಆರಿಸಿಕೊಂಡಿತು.

ಅಂಥ ಬೆಂಕಿಯಲ್ಲಿ ಬೆಂದ ಕಾಡಿನಲ್ಲಿಯೇ ಇದು ಹೇಗೆ ದೊರೆಯಿತು ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರಕ್ಕಾಗಿ ಮರದ ಸ್ವಭಾವವನ್ನು ತಿಳಿಯಬೇಕು. ನಮ್ಮ ನೀಲಗಿರಿಯನ್ನು ಕಡಿದರೂ ಸುಟ್ಟರೂ ಬೊಡ್ಡೆಯಿಂದ ಚಿಗುರುವುದು. ಮೌಂಟನ್ ಆ್ಯಷ್ ಹಾಗಲ್ಲ. ಭಾರಿ ಬೆಂಕಿ ತಗುಲಿದರೆ ಅದು ಸಾಯುತ್ತದೆ, ಚಿಗುರುವುದಿಲ್ಲ. ಆದರೆ ಸಾಯುವಾಗ ತಲೆಯ ಮೇಲಿನ ಕಾಯಿಗಳಿಂದ ಲೆಕ್ಕವಿಲ್ಲದಷ್ಟು ಬೀಜಗಳನ್ನು ಬೂದಿಯ ಮೇಲೆ ಸುರಿಸಿಹೋಗುತ್ತದೆ. ಆ ಬೂದಿಯಲ್ಲಿ ಹೊಸ ಕಾಡು ಒಮ್ಮೆಲೇ ಏಳುತ್ತದೆ. ಅದರೊಡನೆ ವಾಟಲೂ ದಟ್ಟವಾಗಿ ಏಳುತ್ತದೆ. ಸತ್ತ ಹಳೆಯ ಮರಗಳಾದರೋ ಕೂಡಲೆ ಬೀಳುವುದಿಲ್ಲ. ಬೆಳ್ಳನೆಯ ಅಸ್ಥಿಪಂಜರಗಳಂತೆ ಎಳೆಗಾಡಿನ ನಡುವೆ ಹಲವು ದಶಕಗಳ ಕಾಲ ನಿಂತಿರುತ್ತವೆ, ತಮ್ಮ ಪೊಟರೆಗಳನ್ನು ತೆರೆದುಕೊಂಡೇ. ಆಹಾರಕ್ಕೆ ಹೊಸ ವಾಟಲ್, ವಾಸಕ್ಕೆ ಹಳೆಯ ಪೊಟರೆ, ಎರಡೂ ಒಂದೇ ಕಡೆ. ೧೯೬೧ರಲ್ಲಿ ಪಾಸಮ್ಮಿಗೆ ಒದಗಿದ್ದುದು ಇಂಥ ಸುಕಾಲ. ಸತ್ತ ಮುದಿಮರಗಳು ಬದುಕಿದ್ದ ಪ್ರಾಣಿಯನ್ನು ಸಾಕುತ್ತಿದ್ದುವು.

ಸುಕಾಲಕ್ಕೆ ಒಂದು ಅವಧಿಯೂ ಇತ್ತು. ಸತ್ತುನಿಂತ ಮರ ಮಳೆಗೂ ಗಾಳಿಗೂ ಕೊಳೆತು ಐವತ್ತು, ಎಪ್ಪತ್ತು ವರ್ಷಗಳಲ್ಲಿ ಉರುಳಲೇಬೇಕು. ಅವು ಉರುಳುವ ವೇಳೆಗೆ ೧೯೩೯ರಲ್ಲಿ ಮೊಳೆತ ಮರಗಳು ಪೊಟರೆ ಕೊಡುವಷ್ಟು ಮುದಿಯಾಗಿರಬೇಕಲ್ಲವೆ? ೧೯೩೯ಕ್ಕೆ ೧೫೦ನ್ನು ಕೂಡಿಸಿದರೆ ಬರುವುದು ೨೦೮೯. ಹಳೆಯ ಪೊಟರೆಗಳು ಬಿದ್ದುಹೋದ ಮೇಲೆ ಹೊಸವು ತೆರೆಯುವ ತನಕ ಹಲವು ದಶಕಗಳ ಅಂತರ ಉಳಿಯುತ್ತದೆ. ಆ ಅಂತರದಲ್ಲಿ ಪಾಸಮ್ ಎಲ್ಲಿರಬೇಕು? ೧೯೮೩ರಿಂದ ಈ ಕಾಡುಗಳನ್ನು ಅಭ್ಯಾಸಮಾಡುತ್ತ ಬಂದಿರುವ ಡೇವಿಡ್ ಲಿಂಡನ್‌ಮೇಯರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಸಾವಿರಾರು ಪೊಟರೆಮರಗಳನ್ನು ಗುರುತಿಸಿ, ವರ್ಷವರ್ಷವೂ ಎಷ್ಟು ಬಿದ್ದುವೆಂದು ಎಣಿಸಿದ್ದಾರೆ. ಬೀಳುವುವು ಹೆಚ್ಚು, ಅವುಗಳ ಸ್ಥಾನಕ್ಕೆ ಬರುವುವು ಕಡಮೆ. ಇದೇ ಅವರ ಎಣಿಕೆಯ ಸಾರ.

ಮುದಿಗಾಡು ವಿಶಾಲವಾಗಿ ಉಳಿದಿದ್ದರೆ ಈ ಅಂತರ ಇಷ್ಟು ಭಯಂಕರವಾಗುತ್ತಿರಲಿಲ್ಲ. ಒಂದು ಕಣಿವೆ ಬೆಂದರೆ ಇನ್ನೊಂದರಲ್ಲಿ ಆಶ್ರಯ ಸಿಕ್ಕುತ್ತಿತ್ತು. ಆದರೆ ಆ ಬೆಟ್ಟಸೀಮೆಯ ಮೌಂಟನ್ ಆ್ಯಷ್ ಕಾಡಿನಲ್ಲಿ ನಿಜವಾಗಿ ಮುದಿಯೆನಿಸುವ ಭಾಗ ಈಗ ನೂರಕ್ಕೆ ಒಂದರ ಸುಮಾರಿಗೆ ಇಳಿದಿದೆ. ಬೆಂಕಿ ಒಂದು ಕಾರಣ, ಕೊಡಲಿ ಇನ್ನೊಂದು. ೧೯೩೯ರ ಬೆಂಕಿಯ ಬಳಿಕ ಸತ್ತುನಿಂತ ಮರಗಳನ್ನು ವ್ಯರ್ಥವಾಗಬಾರದೆಂದು ವರ್ಷಗಟ್ಟಲೆ ಕೊಯ್ದರು. ಅವುಗಳೊಡನೆ ಪೊಟರೆಗಳೂ ಹೋದುವು. ಅನಂತರ ಕಾಗದಕ್ಕೂ ಹಲಗೆಗೂ ಕಾಡನ್ನು ತುಂಡುತುಂಡಾಗಿ ಪೂರ್ಣವಾಗಿ ಕಡಿದು, ಉಳಿದ ಸೊಪ್ಪುಕಡ್ಡಿಯನ್ನು ಸುಟ್ಟು, ಬೀಜ ಬಿತ್ತಿ ಮತ್ತೆ ಬೆಳೆಸುವ ಪದ್ಧತಿ ಬಂದಿತು. ಮತ್ತೆ ಬೆಳೆಯುವುದರಿಂದ ಕಾಡಿಗೆ ನಷ್ಟವಿಲ್ಲವೆಂಬುದು ಅದರ ಸಮರ್ಥನೆ. ಮರದ ದೃಷ್ಟಿಯಿಂದ ಮಾತು ಸರಿಯಾಗಿಯೇ ತೋರುವುದು. ಪೊಟರೆಯ ದೃಷ್ಟಿಯಿಂದ ನೋಡಿದರೆ ಬೇರೆ: ಸುಮಾರು ಎಂಬತ್ತು ವರ್ಷಕ್ಕೊಮ್ಮೆ ಕಡಿಯುವ ಕಾಡಿನಲ್ಲಿ ನೂರೈವತ್ತು ವರ್ಷದ ಪೊಟರೆ ಎಂದಿಗೂ ಆಗಲಾರದು. ಕಾಡು ಸದಾ ಹಸಿರಾಗಿರುವುದು. ಸದಾ ಎಳೆಯದಾಗಿಯೂ ಇರುವುದು.

ಹೀಗಿದ್ದರೂ ಯಾರಾ ಬೆಟ್ಟಗಳಲ್ಲಿ ಒಂದಷ್ಟು ಮುದಿಗಾಡು ಉಳಿದುದು ಹೇಗೆ? ಇದರ ಕಾರಣ ಪ್ರಾಣಿದಯೆಯಲ್ಲ, ಒಂದು ನಗರದ ಬಾಯಾರಿಕೆ. ಮೆಲ್ಬರ್ನ್ ಬೆಳೆಯುತ್ತ ಬಂದಂತೆ ಶುದ್ಧವಾದ ಕುಡಿಯುವ ನೀರು ಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮರೂಂಡಾ, ಓಶಾನಸಿ, ಮೇಲಣ ಯಾರಾ ಮೊದಲಾದ ಜಲಾನಯನಗಳನ್ನು ನಗರದ ನೀರಿಗಾಗಿ ಒಂದೊಂದಾಗಿ ಮೀಸಲಿಟ್ಟರು. ಹಳ್ಳಿ ಕಟ್ಟಕೂಡದು, ದನ ಮೇಯಿಸಕೂಡದು, ಜನರು ಪ್ರವೇಶಿಸಕೂಡದು ಎಂದು ಅಲ್ಲಿ ಕಟ್ಟುನಿಟ್ಟು. ನಲ್ಲಿಯ ನೀರು ಕೆಡದಿರಲೆಂದು ಹಾಕಿದ ಬೇಲಿಯೊಳಗೆ, ಯಾರೂ ಉದ್ದೇಶಿಸದೆಯೇ, ಮುದಿಮರಗಳೂ ಅವುಗಳ ಪೊಟರೆಗಳೂ ಉಳಿದುವು. ೧೯೯೫ರಲ್ಲಿ ರಾಷ್ಟ್ರೀಯ ಉದ್ಯಾನವನ್ನು ರಚಿಸಿದಾಗ ಅದರ ಬಹುಭಾಗ ಈ ಜಲಾನಯನಗಳೇ ಆಗಿದ್ದುವು.

ನೀರಿನ ವಿಷಯದಲ್ಲಿ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಕಾಡು ಬೆಂದ ಬಳಿಕ ಎದ್ದ ಎಳೆಯ ಮರಗಳು ರಭಸದಿಂದ ಬೆಳೆಯುವ ಕಾರಣ ಮುದಿಮರಗಳಿಗಿಂತ ಬಹಳ ಹೆಚ್ಚು ನೀರನ್ನು ಹೀರುತ್ತವೆ. ೧೯೩೯ರಲ್ಲಿ ಬೆಂದ ಜಲಾನಯನಗಳ ಹೊಳೆಗಳನ್ನು ಅಳೆಯುತ್ತ ಬಂದ ಜಲಶಾಸ್ತ್ರಜ್ಞರು ಇದನ್ನು ಲೆಕ್ಕಹಾಕಿ ತೋರಿಸಿದರು: ಮುದಿಗಾಡಿನ ಸ್ಥಾನದಲ್ಲಿ ಎಳೆಗಾಡು ಬಂದು ಇಪ್ಪತ್ತೈದು ಮೂವತ್ತು ವರ್ಷಗಳಾದ ವೇಳೆಗೆ ಹೊಳೆಗೆ ಬರುವ ನೀರು ಅರ್ಧದ ಹತ್ತಿರಕ್ಕೆ ಇಳಿಯಬಹುದು, ಅದು ಮೊದಲಿನ ಸ್ಥಿತಿಗೆ ಬರುವುದಕ್ಕೆ ನೂರು ವರ್ಷಕ್ಕೂ ಮೇಲೆ ಹಿಡಿಯುವುದು. ಹೀಗೆ ಒಂದು ಸಣ್ಣ ಪ್ರಾಣಿಯ ಹಿತವೂ ಐವತ್ತು ಲಕ್ಷ ಜನರ ನಗರದ ಹಿತವೂ ಮರದ ಮುಪ್ಪಿನಲ್ಲಿ ಒಂದಾಗುತ್ತವೆ. ಕಾಡಿನ ಮಾತು ಕಾಡಿನವರಿಗೆ ಬಿಟ್ಟದ್ದು ಎಂದು ಪಟ್ಟಣದವರು ಸುಮ್ಮನಿರುವಂತಿಲ್ಲ.

ಇಷ್ಟು ರಕ್ಷಣೆ ದೊರೆತ ಮೇಲೆ ಚಿಂತೆ ತೀರಿತೆಂದು ಹೇಳುವಂತಿದ್ದರೆ ಈ ಭಾಷಣವನ್ನು ಇಲ್ಲಿಯೇ ಮುಗಿಸಬಹುದಾಗಿತ್ತು. ಬೆಂಕಿ ನಕ್ಷೆಯ ಗೆರೆಗಳನ್ನು ಓದುವುದಿಲ್ಲ. ೨೦೦೯ನೆಯ ಇಸವಿ ಫೆಬ್ರವರಿ ೭ನೆಯ ತಾರೀಖು ಶನಿವಾರ ಅದೇ ಬೆಟ್ಟಗಳಲ್ಲಿ ಮತ್ತೆ ದಳ್ಳುರಿಯೆದ್ದಿತು. ಆ ಬೆಂಕಿಗಳಲ್ಲಿ ಮಡಿದವರು ೧೭೩ ಜನ. ಪಾಸಮ್ ಮರಳಿ ದೊರೆತಿದ್ದ ಮೇರಿಸ್‌ವಿಲ್ ಊರು ಬಹುತೇಕ ಬೂದಿಯಾಯಿತು. ಪಾಸಮ್ಮಿಗೆಂದು ಕಾಯ್ದಿಟ್ಟಿದ್ದ ಕಾಡಿನಲ್ಲಿ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಬೆಂದುಹೋಯಿತು. ಲೇಕ್ ಮೌಂಟನ್ ಎಂಬ ಶಿಖರದ ಮೇಲಿದ್ದ ದೊಡ್ಡ ಸಮುದಾಯದಲ್ಲಿ ಉಳಿದುವು ಬೆರಳೆಣಿಕೆಯಷ್ಟು ಮಾತ್ರ; ಅವುಗಳಿಗೆ ಕೈಯಾರೆ ಆಹಾರವನ್ನೊದಗಿಸಿ ಬದುಕಿಸಬೇಕಾಯಿತು. ೨೦೧೫ರಲ್ಲಿ ಆಸ್ಟ್ರೇಲಿಯದ ಒಕ್ಕೂಟ ಸರ್ಕಾರವು ಇದನ್ನು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ವರ್ಗಕ್ಕೆ ಸೇರಿಸಿತು. ಇದೇ ಕಾಡಿನ ಇನ್ನೊಂದು ಪೊಟರೆವಾಸಿ, ನೀಲಗಿರಿಯ ಎಲೆಗಳನ್ನೇ ತಿಂದು ಮರದಿಂದ ಮರಕ್ಕೆ ತೇಲುವ ಗ್ರೇಟರ್ ಗ್ಲೈಡರ್ ಎಂಬ ಪ್ರಾಣಿ ೨೦೨೨ರಲ್ಲಿ ಅಪಾಯಕ್ಕೊಳಗಾದುದೆಂದು ಪಟ್ಟಿಯನ್ನು ಸೇರಿತು.

ಬೆಂಕಿ ಆ ಕಾಡಿಗೆ ಹೊಸದೇನೂ ಅಲ್ಲ. ಮೌಂಟನ್ ಆ್ಯಷ್ ಬೆಂಕಿಯಿಂದಲೇ ಹುಟ್ಟತಕ್ಕ ಮರವೆಂಬುದನ್ನು ಆಗಲೇ ಕಂಡೆವು. ಅಪಾಯವಿರುವುದು ಬೆಂಕಿಗಳ ನಡುವಣ ಬಿಡುವು ಕಿರಿದಾಗುವುದರಲ್ಲಿ. ಮರ ಮೊಳೆತು ತಾನು ಬೀಜ ಬಿಡುವುದಕ್ಕೆ ಸುಮಾರು ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ಮತ್ತೆ ಬೆಂಕಿ ಬಂದರೆ ಸುರಿಸುವುದಕ್ಕೆ ಬೀಜವಿಲ್ಲ. ಅಲ್ಲಿ ಮೌಂಟನ್ ಆ್ಯಷ್ ಕಾಡು ಮುಗಿದು ವಾಟಲ್ ಪೊದೆ ಉಳಿಯುವುದು. ಭೂಮಿಯ ಹವೆ ಬಿಸಿಯಾಗುತ್ತ ಬೇಸಗೆಗಳು ಒಣಗುತ್ತ ಬಂದಂತೆ ಈ ಭಯ ಹೆಚ್ಚಿದೆ. ಕಡಿದು ಬೆಳೆಸಿದ ಎಳೆಗಾಡು ಮುದಿಗಾಡಿಗಿಂತ ತೀವ್ರವಾಗಿ ಉರಿಯುವುದೆಂದು ತೋರಿಸುವ ಅಧ್ಯಯನಗಳುಂಟು. ಅದನ್ನು ಪೂರ್ಣವಾಗಿ ಒಪ್ಪದ ವಿದ್ವಾಂಸರೂ ಉಂಟು.

ಹಾಗಾದರೆ ಮನುಷ್ಯನು ಮಾಡಬಹುದಾದುದೇನು? ಮೊದಲನೆಯದು, ಪೊಟರೆಗೆ ಬದಲು ಪೆಟ್ಟಿಗೆ. ಮರಕ್ಕೆ ಹಲಗೆಯ ಗೂಡುಗಳನ್ನು ಕಟ್ಟಿ ನೋಡಿದ್ದಾರೆ. ಬದುಕಿರುವ ಮರದಲ್ಲಿ ಗರಗಸದಿಂದ ಪೊಟರೆಯನ್ನು ಕೊರೆದೂ ನೋಡಿದ್ದಾರೆ. ಕೆಲವು ಕಡೆ ಪಾಸಮ್‌ಗಳು ಅವುಗಳಲ್ಲಿ ವಾಸಮಾಡಿವೆ. ಕೆಲವು ಕಡೆ ತಿರುಗಿಯೂ ನೋಡಿಲ್ಲ. ಪೆಟ್ಟಿಗೆ ಕೆಲವು ವರ್ಷಗಳಲ್ಲಿ ಶಿಥಿಲವಾಗುವುದು, ಕಾಡಿನುದ್ದಕ್ಕೂ ಕಟ್ಟುವುದು ದುಬಾರಿ. ಗಂಡಾಂತರದ ಕಾಲಕ್ಕೆ ಉಪಕಾರಿಯೇ ಹೊರತು ಮುದಿಮರಕ್ಕೆ ಅದು ಸಾಟಿಯಲ್ಲ. ಎರಡನೆಯದು, ಮೃಗಾಲಯದಲ್ಲಿ ಸಾಕಿ ಬೆಳೆಸುವುದು. ಯೆಲಿಂಗ್‌ಬೋ ಎಂಬ ತಗ್ಗುನೆಲದ ಜೌಗುಗಾಡಿನಲ್ಲಿ ಉಳಿದಿರುವ ಒಂದು ಚಿಕ್ಕ ತಂಡಕ್ಕಾಗಿ ಹೀಲ್ಸ್‌ವಿಲ್‌ನ ಪ್ರಾಣಿಧಾಮದಲ್ಲಿ ಈ ಪ್ರಯತ್ನ ನಡೆದಿದೆ. ಇದೂ ಪ್ರಾಣಿಗೆ ಅವಕಾಶಕೊಡುವ ಉಪಾಯ. ಕಾಡನ್ನು ಕೊಡುವ ಉಪಾಯವಲ್ಲ.

ಮೂರನೆಯದು, ಕಾಡನ್ನು ಕಡಿಯದಿರುವುದು. ಇದರ ಬಗ್ಗೆ ವಿಕ್ಟೋರಿಯದಲ್ಲಿ ಹಲವು ದಶಕಗಳ ವಾದವಿವಾದ ನಡೆದು ನ್ಯಾಯಾಲಯಗಳವರೆಗೂ ಹೋಯಿತು. ಕಟ್ಟಕಡೆಗೆ ಪ್ರಾಂತ ಸರ್ಕಾರವು ತನ್ನ ಒಡೆತನದ ನೈಸರ್ಗಿಕ ಕಾಡುಗಳಲ್ಲಿ ವಾಣಿಜ್ಯಕ್ಕಾಗಿ ಮರ ಕಡಿಯುವುದನ್ನು ನಿಲ್ಲಿಸುವುದಾಗಿ ೨೦೨೩ರಲ್ಲಿ ಸಾರಿ, ೨೦೨೪ರ ಜನವರಿ ೧ರಿಂದ ನಿಲ್ಲಿಸಿತು. ಇದು ಸುಲಭವಾಗಿ ಆದುದಲ್ಲವೆಂಬುದನ್ನೂ ಹೇಳಬೇಕು. ತಲೆಮಾರುಗಳಿಂದ ಮರದ ಕಸುಬನ್ನೇ ನಂಬಿದ್ದ ಬೆಟ್ಟದೂರುಗಳಿವೆ. ಗರಗಸ ನಿಂತರೆ ಅಂಗಡಿ, ಶಾಲೆ, ಲಾರಿ ಎಲ್ಲವೂ ನಿಲ್ಲುವ ಭಯ ಅವರಿಗೆ. ಅವರಿಗೆ ಪರಿಹಾರವನ್ನೂ ಬೇರೆ ಉದ್ಯೋಗವನ್ನೂ ಒದಗಿಸುವ ಏರ್ಪಾಡುಗಳನ್ನು ಸರ್ಕಾರ ಮಾಡಿತು. ಆದರೂ ಕಸುಬು ಕಳೆದುಕೊಂಡವನ ದುಃಖ ಹಣದಿಂದ ಪೂರ್ತಿಯಾಗಿ ತೀರುವಂಥದಲ್ಲ. ಕಡಿಯುವುದು ನಿಂತ ಕಾಡುಗಳನ್ನು ಯಾರಾ ರೇಂಜಸ್ ಉದ್ಯಾನದೊಡನೆ ಕೂಡಿಸಿ ಇನ್ನೂ ವಿಶಾಲವಾದ ರಾಷ್ಟ್ರೀಯ ಉದ್ಯಾನವನ್ನು ಮಾಡಬೇಕೆಂಬ ಬೇಡಿಕೆ ಹಲವು ವರ್ಷಗಳಿಂದ ಇದೆ. ಕಾಡು ವಿಶಾಲವಾದಷ್ಟೂ ಒಂದೇ ಬೆಂಕಿಗೆ ಎಲ್ಲವೂ ಆಹುತಿಯಾಗುವ ಸಂಭವ ಕಡಮೆ ಎಂಬುದು ಅದರ ಹಿಂದಿನ ನ್ಯಾಯ.

ಈ ನಡುವೆ ಒಂದು ಸಂತೋಷದ ಸಮಾಚಾರವೂ ಬಂದಿದೆ. ೨೦೨೪ರಲ್ಲಿ ನೆರೆಯ ನ್ಯೂ ಸೌತ್ ವೇಲ್ಸ್ ಪ್ರಾಂತದ ಕಾಸಿಯಸ್ಕೊ ರಾಷ್ಟ್ರೀಯ ಉದ್ಯಾನದಲ್ಲಿ ಇಟ್ಟಿದ್ದ ಸ್ವಯಂಚಾಲಿತ ಕ್ಯಾಮರಾ ಒಂದರಲ್ಲಿ ಲೆಡ್‌ಬೀಟರನ ಪಾಸಮ್ ಕಾಣಿಸಿಕೊಂಡಿತು. ಆ ಸೀಮೆಯಲ್ಲಿ ಅದುವರೆಗೆ ದೊರೆತಿದ್ದುದು ಅದರ ಹಳೆಯ ಎಲುಬುಗಳು ಮಾತ್ರ. ೧೯೬೧ರಂತೆಯೇ ಈ ಬಾರಿಯೂ ಪ್ರಾಣಿ ನಮ್ಮ ನಿರೀಕ್ಷೆಗಿಂತ ಗಟ್ಟಿಯೆಂದು ತೋರಿಸಿ ಕೊಟ್ಟಿತು. ಹುಡುಕುವ ಕಣ್ಣು ಬೇಕು. ಹುಡುಕುವುದಕ್ಕೆ ಕಾಡೂ ಉಳಿದಿರಬೇಕು.

ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೆ ನೇಣು ಹಾಕಿಕೊಳ್ಳುವುದುಂಟೆ ಎಂದು ನಮ್ಮಲ್ಲಿ ಒಂದು ಗಾದೆಯಿದೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದಕ್ಕೂ ಅಂಟಿಕೊಳ್ಳಬಾರದೆಂಬುದು ಅದರ ತಾತ್ಪರ್ಯ; ತಾತ್ಪರ್ಯ ಸರಿಯಾದುದೇ. ಆದರೆ ಹಳೆಯ ಮರವು ಹಳೆಯದಾಗಿರುವುದರಿಂದಲೇ ಮಾಡುವ ಕೆಲಸವೊಂದುಂಟೆಂದು ಯಾರಾ ಕಾಡಿನ ಕಥೆ ತಿಳಿಸುತ್ತದೆ. ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಮಂಗಟ್ಟೆ ಹಕ್ಕಿ ಮೊಟ್ಟೆಯಿಡುವುದು ದೊಡ್ಡ ಮುದಿಮರದ ಪೊಟರೆಯಲ್ಲಿಯೇ; ಹೆಣ್ಣು ಒಳಗೆ ಕುಳಿತು ಬಾಗಿಲನ್ನು ಮೆತ್ತಿಕೊಳ್ಳುವುದು, ಗಂಡು ಹೊರಗಿನಿಂದ ಹಣ್ಣು ತಂದುಕೊಡುವುದು. ಅದರ ಕೊಕ್ಕು ಮರವನ್ನು ಕೊರೆಯಲಾರದು. ಆಗಿರುವ ಪೊಟರೆಯನ್ನೇ ಅದು ಅರಸಬೇಕು. ಟೊಳ್ಳುಬಿದ್ದ ಮರವನ್ನು ಕಂಡೊಡನೆ ಅದು ಕೆಲಸಕ್ಕೆ ಬಾರದ್ದೆಂದು ಹೇಳುವ ಅಭ್ಯಾಸ ನಮ್ಮ ಊರುಗಳಲ್ಲಿಯೂ ಇದೆ. ಜನರ ಮೇಲೆ ಬೀಳುವ ಭಯವಿರುವ ಮರದ ಮಾತು ಬೇರೆ. ಅಂಥ ಭಯವಿಲ್ಲದ ಕಡೆ ಕಡಿಯುವ ಮೊದಲು ಒಮ್ಮೆ ತಲೆಯೆತ್ತಿ ಪೊಟರೆಯಲ್ಲಿ ಯಾರಿದ್ದಾರೆಂದು ನೋಡಬಹುದಾಗಿದೆ.

ರಾಷ್ಟ್ರೀಯ ಉದ್ಯಾನವನ್ನು ಒಂದು ಶಾಸನದಿಂದ ಒಂದೇ ದಿನದಲ್ಲಿ ನಿರ್ಮಿಸಬಹುದು. ಅದರೊಳಗಿನ ನೂರೈವತ್ತು ವರ್ಷದ ಮರವನ್ನು ಯಾವ ಶಾಸನವೂ ನಿರ್ಮಿಸಲಾರದು. ಇರುವುದನ್ನು ಕಾಯಬಹುದು, ಎಳೆಯದು ಮುದಿಯಾಗುವ ತನಕ ತಾಳಬಹುದು. ೧೯೩೯ರ ಬೂದಿಯಲ್ಲಿ ಮೊಳೆತ ಮರಗಳು ಈಗ ಎತ್ತರವಾಗಿ ನೆಟ್ಟಗೆ, ಒಂದೂ ಪೊಟರೆಯಿಲ್ಲದೆ ನಿಂತಿವೆ. ಬೆಂಕಿಯೂ ಕೊಡಲಿಯೂ ಅವುಗಳನ್ನು ಬಿಟ್ಟರೆ ೨೦೮೯ರ ಸುಮಾರಿಗೆ ಅವುಗಳಲ್ಲಿ ಕೆಲವು ಕೊಂಬೆ ಮುರಿದು ಟೊಳ್ಳಾಗತೊಡಗುವುವು. ಅಲ್ಲಿಯವರೆಗೆ ಪಾಸಮ್ಮಿನ ಕುಲವನ್ನು ದಾಟಿಸುವುದು, ಈಗ ಅಲ್ಲಲ್ಲಿ ಉಳಿದಿರುವ ಸ್ವಲ್ಪ ಮುದಿಮರಗಳ ಕೆಲಸ.